ಸ್ಟೋಮಾ ಮುಚ್ಚಿದ ಮೇಲೆ ಮನೆಯ ಆರೈಕೆ: ಎಲ್ಲಿ ತಾಳ್ಮೆ, ಎಲ್ಲಿ ತ್ವರೆ?

ಕರುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ ಕೆಲವರಿಗೆ ವೈದ್ಯರು ಹೊಟ್ಟೆಯ ಮೇಲೆ ಒಂದು ದ್ವಾರವನ್ನು ಮಾಡಿ, ಕರುಳನ್ನು ಅಲ್ಲಿಗೆ ತಂದು ಹೊಲಿದು, ಮಲವು ಅಲ್ಲಿಂದಲೇ ಒಂದು ಚೀಲಕ್ಕೆ ಬರುವಂತೆ ಏರ್ಪಾಡು ಮಾಡಿರುತ್ತಾರೆ. ಈ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಸಣ್ಣ ಕರುಳಿನಿಂದ ಮಾಡಿದ್ದರೆ ಅದು ಇಲಿಯೋಸ್ಟಮಿ. ದೊಡ್ಡ ಕರುಳಿನಿಂದ ಮಾಡಿದ್ದರೆ ಕೊಲೊಸ್ಟಮಿ. ಗುದನಾಳದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದಾಗ, ವಿಷಮಶೀತ ಜ್ವರದಿಂದಲೋ ಕ್ಷಯದಿಂದಲೋ ಕರುಳು ತೂತಾದಾಗ, ಕರುಳು ತಿರುಚಿಕೊಂಡು ಕೊಳೆತಾಗ, ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟಾದಾಗ ಜೀವ ಉಳಿಸಲು ಈ ದಾರಿಯನ್ನು ಹಿಡಿಯಬೇಕಾಗುತ್ತದೆ. ಇವುಗಳಲ್ಲಿ ಅನೇಕವು ತಾತ್ಕಾಲಿಕ. ಒಳಗಿನ ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ, ಕ್ಯಾನ್ಸರಿನ ಔಷಧೋಪಚಾರ ನಡೆದಿದ್ದರೆ ಇನ್ನೂ ತಡವಾಗಿ, ಕರುಳನ್ನು ಮತ್ತೆ ಜೋಡಿಸಿ ದ್ವಾರವನ್ನು ಮುಚ್ಚುತ್ತಾರೆ.

ಚೀಲ ಹೋಯಿತೆಂಬ ಸಂತೋಷದಿಂದ ಮನೆಗೆ ಬಂದ ರೋಗಿಗೆ ಮೊದಲ ವಾರದಲ್ಲಿಯೇ ದಿಗಿಲಾಗುವುದುಂಟು. ದಿನಕ್ಕೆ ಹತ್ತು ಸಲ ಶೌಚಕ್ಕೆ ಓಡಬೇಕಾಗುತ್ತದೆ. ಕೆಲವೊಮ್ಮೆ ಬಾಗಿಲು ತಲುಪುವ ಮೊದಲೇ ಬಟ್ಟೆ ಹೊಲಸಾಗುತ್ತದೆ. ಶಸ್ತ್ರಚಿಕಿತ್ಸೆಯೇ ಕೆಟ್ಟಿತೆಂದು ಭಾವಿಸಿ ಕೆಲವರು ಊಟ ಬಿಡುತ್ತಾರೆ, ಕೆಲವರು ಕೋಣೆ ಸೇರುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ನಿಜವಾಗಿ ಅಪಾಯದ ಜ್ವರವೋ ಹೊಟ್ಟೆನೋವೋ ಕಾಣಿಸಿದಾಗ ‘ಶಸ್ತ್ರಚಿಕಿತ್ಸೆಯಾದ ಮೇಲೆ ಇದೆಲ್ಲ ಇದ್ದದ್ದೇ’ ಎಂದು ಮನೆಯಲ್ಲಿಯೇ ಮಲಗುವವರೂ ಇದ್ದಾರೆ. ಯಾವುದಕ್ಕೆ ತಾಳ್ಮೆ ಬೇಕು, ಯಾವುದಕ್ಕೆ ತ್ವರೆ ಬೇಕು ಎಂಬ ವಿವೇಕವೇ ಈ ಅವಧಿಯ ಮುಖ್ಯ ಔಷಧ. ಸದ್ಭಕ್ತರ ಕುಟುಂಬಗಳಲ್ಲಿ ಯಾರಾದರೂ ಈ ಹಂತದಲ್ಲಿದ್ದರೆ ಅವರಿಗೂ ಅವರನ್ನು ನೋಡಿಕೊಳ್ಳುವವರಿಗೂ ನೆರವಾಗಲೆಂದು ಈ ವಿಷಯವನ್ನು ಇಲ್ಲಿ ವಿವರಿಸುತ್ತಿದ್ದೇವೆ. ರೋಗಿಯ ಸ್ಥಿತಿಯನ್ನು ಕಣ್ಣಾರೆ ಕಂಡ ಶಸ್ತ್ರವೈದ್ಯರ ಮಾತು ಬೇರೆಯಾಗಿದ್ದರೆ ಅದನ್ನೇ ಪಾಲಿಸಬೇಕು.

ಕರುಳು ಮತ್ತೆ ಕಲಿಯಬೇಕು

ತೊಂದರೆಯ ಕಾರಣ ತಿಳಿದರೆ ಅರ್ಧ ಭಯ ಕಳೆಯುತ್ತದೆ. ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನವೊಂದಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರಿನಷ್ಟು ದ್ರವ ಹರಿದು ಬರುತ್ತದೆ. ದೊಡ್ಡ ಕರುಳು ಅದರಲ್ಲಿನ ಬಹುಪಾಲು ನೀರನ್ನು ಹೀರಿಕೊಂಡು ಮಲವನ್ನು ಗಟ್ಟಿ ಮಾಡುತ್ತದೆ. ಇಲಿಯೋಸ್ಟಮಿ ಇದ್ದ ತಿಂಗಳುಗಳಲ್ಲಿ ದೊಡ್ಡ ಕರುಳಿಗೆ ಈ ಕೆಲಸವೇ ಇರಲಿಲ್ಲ. ಮತ್ತೆ ಜೋಡಿಸಿದ ಕೂಡಲೇ ಅದು ಹಿಂದಿನ ಶಕ್ತಿಯಿಂದ ಹೀರಿಕೊಳ್ಳಲಾರದು. ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದಿದ್ದರೆ ಪಿತ್ತರಸದ ಲವಣಗಳು ಅಲ್ಲಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿದು ಭೇದಿಯನ್ನು ಹೆಚ್ಚಿಸುತ್ತವೆ.

ಇನ್ನೊಂದು ಕಾರಣ ಗುದನಾಳ. ಮಲವನ್ನು ಸ್ವಲ್ಪ ಹೊತ್ತು ಹಿಡಿದಿಡುವ ಕೋಶ ಅದು. ಕ್ಯಾನ್ಸರಿಗಾಗಿ ಅದರ ಭಾಗವನ್ನು ತೆಗೆದಿದ್ದರೆ ಆ ಕೋಶ ಚಿಕ್ಕದಾಗಿರುತ್ತದೆ. ವಿಕಿರಣ ಚಿಕಿತ್ಸೆ ಆಗಿದ್ದರೆ ಬಿಗಿದಿರುತ್ತದೆ. ಆದ್ದರಿಂದ ಸ್ವಲ್ಪ ಮಲ ಬಂದರೂ ತಡೆಯಲಾಗದ ಒತ್ತಡ ಉಂಟಾಗುತ್ತದೆ. ಗುದದ್ವಾರವನ್ನು ಬಿಗಿ ಹಿಡಿಯುವ ಸ್ನಾಯುಗಳೂ ತಿಂಗಳುಗಟ್ಟಲೆ ಕೆಲಸವಿಲ್ಲದೆ ಸಡಿಲಗೊಂಡಿರುತ್ತವೆ. ಕಾಲು ಮುರಿದು ಪಟ್ಟಿ ಕಟ್ಟಿಸಿಕೊಂಡವರು ಪಟ್ಟಿ ಬಿಚ್ಚಿದ ದಿನವೇ ಹೊಲಕ್ಕೆ ನಡೆದು ಹೋಗಲಾರರಷ್ಟೆ. ಕರುಳಿನ ವಿಷಯವೂ ಹಾಗೆಯೇ.

ಹೆಚ್ಚಿನವರಲ್ಲಿ ಶೌಚದ ಸಂಖ್ಯೆ ವಾರಗಳು ಕಳೆದಂತೆ ತಗ್ಗುತ್ತದೆ. ಗುದನಾಳದ ಶಸ್ತ್ರಚಿಕಿತ್ಸೆಯಾದವರಿಗೆ ಸುಧಾರಣೆ ನಿಧಾನ; ಆರು ತಿಂಗಳು, ವರ್ಷ, ಕೆಲವೊಮ್ಮೆ ಎರಡು ವರ್ಷವೂ ಬೇಕಾಗಬಹುದು. ಎಲ್ಲರಿಗೂ ಮೊದಲಿನಂತೆಯೇ ಆಗುತ್ತದೆಂದು ಹೇಳುವುದು ಸತ್ಯವಾಗಲಾರದು. ದಿನಕ್ಕೆ ಮೂರು ನಾಲ್ಕು ಸಲ ಹೋಗುವುದೇ ಕೆಲವರಿಗೆ ಹೊಸ ಕ್ರಮವಾಗಿ ನಿಲ್ಲುತ್ತದೆ. ಆದರೆ ಮೊದಲ ತಿಂಗಳಿನ ಸ್ಥಿತಿಯನ್ನು ನೋಡಿ ಮುಂದಿನ ಬದುಕೆಲ್ಲ ಹೀಗೆಯೇ ಎಂದು ತೀರ್ಮಾನಿಸಬಾರದು.

ಗಾಯದ ಆರೈಕೆ

ಸ್ಟೋಮಾ ಇದ್ದ ಜಾಗದ ಚರ್ಮವನ್ನು ಹಲವು ಶಸ್ತ್ರವೈದ್ಯರು ಪೂರ್ತಿ ಹೊಲಿಯುವುದಿಲ್ಲ. ಹಣದ ಚೀಲದ ಬಾಯಿಗೆ ದಾರ ಎಳೆದಂತೆ ಸುತ್ತಲೂ ಹೊಲಿದು, ನಡುವೆ ಸಣ್ಣ ತೂತನ್ನು ಬಿಟ್ಟಿರುತ್ತಾರೆ. ಒಳಗಿನ ರಸ ಹೊರಗೆ ಹರಿದು ಕೀವಾಗದಿರಲೆಂದು ಹೀಗೆ ಮಾಡುತ್ತಾರೆ. ಅದು ಕೆಲವು ವಾರಗಳಲ್ಲಿ ತಳದಿಂದ ತಾನಾಗಿ ತುಂಬಿಕೊಳ್ಳುತ್ತದೆ. ಗಾಯ ಬಿಚ್ಚಿಕೊಂಡಿತೆಂದು ಮನೆಯವರು ಗಾಬರಿಯಾಗಬೇಕಾಗಿಲ್ಲ. ತಿಳಿಯಾದ ಇಲ್ಲವೆ ನಸುಗೆಂಪಾದ ದ್ರವ ಸ್ವಲ್ಪ ಬರುವುದು ಸಹಜ.

ವೈದ್ಯರು ಒಪ್ಪಿದ ಮೇಲೆ ದಿನವೂ ಸ್ನಾನ ಮಾಡಬಹುದು. ನೀರು ಗಾಯದ ಮೇಲೆ ಹರಿದುಹೋಗಲಿ. ಉಜ್ಜದೆ ಶುಭ್ರವಾದ ಬಟ್ಟೆಯಿಂದ ಒತ್ತಿ ಒರೆಸಿ, ಹೇಳಿದಂತೆ ಪಟ್ಟಿ ಬದಲಿಸಬೇಕು. ಗಾಯ ಪೂರ್ತಿ ಮಾಗುವವರೆಗೆ ಕೆರೆ, ಹೊಳೆ, ತೊಟ್ಟಿಗಳಲ್ಲಿ ಇಳಿಯಬಾರದು. ಅರಿಶಿನ, ಒಲೆಯ ಬೂದಿ, ಸೊಪ್ಪಿನ ರಸ ಇವುಗಳನ್ನು ಗಾಯಕ್ಕೆ ಹಚ್ಚಲೇಬಾರದು. ನೋವಿಗೆ ವೈದ್ಯರು ಬರೆದುಕೊಟ್ಟ ಗುಳಿಗೆಯನ್ನೇ ತೆಗೆದುಕೊಳ್ಳಬೇಕು. ಅಂಗಡಿಯಲ್ಲಿ ಕೇಳಿ ತಂದ ಗುಳಿಗೆ ಬೇಡ. ಮಧುಮೇಹವುಳ್ಳವರು ಸಕ್ಕರೆಯನ್ನು ಹತೋಟಿಯಲ್ಲಿಟ್ಟುಕೊಂಡರೆ ಗಾಯ ಬೇಗ ಮಾಗುತ್ತದೆ. ಬೀಡಿ, ಸಿಗರೇಟು ಗಾಯ ಮಾಗುವುದನ್ನು ತಡೆಯುತ್ತವೆ.

ಆಹಾರ: ಕಡಿಮೆ ಕಡಿಮೆ, ಹಲವು ಸಲ

ಶೌಚಕ್ಕೆ ಹೆದರಿ ಉಪವಾಸವಿರುವುದು ಈ ಅವಧಿಯ ದೊಡ್ಡ ತಪ್ಪು. ಹೊಟ್ಟೆ ಖಾಲಿಯಾದರೆ ವಾಯು ಹೆಚ್ಚುತ್ತದೆ, ಗಾಯ ಮಾಗಲು ಬೇಕಾದ ಸತ್ವ ದೊರೆಯುವುದಿಲ್ಲ, ಶರೀರ ಕೃಶವಾಗುತ್ತದೆ. ಎರಡು ಹೊತ್ತಿನ ದೊಡ್ಡ ಊಟದ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಉಣ್ಣಬೇಕು. ಶ್ರಾವಣ ಸೋಮವಾರದ, ಶಿವರಾತ್ರಿಯ ಉಪವಾಸಗಳನ್ನು ಈ ವರ್ಷಕ್ಕೆ ಬಿಡುವುದೇ ಯುಕ್ತ.

ಮೊದಲ ಎರಡರಿಂದ ನಾಲ್ಕು ವಾರ ನಾರು ಕಡಿಮೆಯಿರುವ ಮೆತ್ತನೆಯ ಆಹಾರ ಒಳ್ಳೆಯದು. ಅಕ್ಕಿ ಗಂಜಿ, ಮೆತ್ತಗೆ ಬೆಂದ ಅನ್ನ, ಹೆಸರುಬೇಳೆಯ ತೊವ್ವೆ, ಇಡ್ಲಿ, ರವೆ ಗಂಜಿ, ಸಾಬೂದಾನಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ, ಸಿಪ್ಪೆ ಬೀಜ ತೆಗೆದ ಸೋರೆಕಾಯಿ, ಮಾಗಿದ ಬಾಳೆಹಣ್ಣು ಇವು ಹಿತ. ಗಾಯ ಮಾಗಲು ಪ್ರೋಟೀನು ಅವಶ್ಯ. ಶಾಕಾಹಾರಿಗಳಾದ ನಮಗೆ ಬೇಳೆಯ ಕಟ್ಟು, ಮೊಸರು, ಪನೀರು ಅದನ್ನು ಒದಗಿಸುತ್ತವೆ. ಹಾಲು ಕುಡಿದಾಗ ಭೇದಿಯಾದರೆ ಕೆಲವು ವಾರ ಹಾಲನ್ನು ಬಿಟ್ಟು ಮೊಸರು, ಮಜ್ಜಿಗೆಗಳನ್ನು ಬಳಸಬಹುದು.

ಉತ್ತರ ಕರ್ನಾಟಕದ ನಮ್ಮ ಮನೆಗಳಲ್ಲಿ ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಇಲ್ಲದೆ ಊಟವಾದಂತೆನಿಸುವುದಿಲ್ಲ. ಕೆಲವು ವಾರ ಇವುಗಳನ್ನು ದೂರವಿಡುವುದು ಅನಿವಾರ್ಯ. ಖಾರವು ಭೇದಿಯನ್ನೂ ಗುದದ್ವಾರದ ಉರಿಯನ್ನೂ ಹೆಚ್ಚಿಸುತ್ತದೆ. ಮೊಳಕೆ ಕಾಳು, ಹಸಿ ತೆಂಗಿನಕಾಯಿ, ಮೆಕ್ಕೆಜೋಳದ ತೆನೆ, ಹಲಸು, ಪೇರಲ, ಕಾಳುಬೀಜಗಳು ಸರಿಯಾಗಿ ಅರಗದೆ, ಇನ್ನೂ ಬಾವಿರುವ ಜೋಡಣೆಯ ಜಾಗದಲ್ಲಿ ಅಡ್ಡಿಯಾಗಬಹುದು. ಹೋಳಿಗೆ, ಪಾಯಸ, ಸಿಹಿ ಪಾನಕಗಳಲ್ಲಿನ ಹೆಚ್ಚು ಸಕ್ಕರೆ ಬೆಲ್ಲಗಳು ಕರುಳಿಗೆ ನೀರನ್ನು ಎಳೆದು ಭೇದಿ ಮಾಡುತ್ತವೆ. ಕಾಫಿ, ಗಟ್ಟಿ ಚಹಾ ಕಡಿಮೆಯಾಗಲಿ.

ತಿಂಗಳಾದ ಮೇಲೆ ಒಂದೊಂದೇ ಪದಾರ್ಥವನ್ನು ಮರಳಿ ಸೇರಿಸಬೇಕು. ರೊಟ್ಟಿಯನ್ನು ಮೊದಲು ಸಾರಿನಲ್ಲಿ ನೆನೆಸಿ, ಚೆನ್ನಾಗಿ ಅಗಿದು, ಅರ್ಧ ತಿಂದು ನೋಡಬೇಕು. ಎರಡು ದಿನ ಹಿತವೆನಿಸಿದರೆ ಮುಂದಿನ ಪದಾರ್ಥ. ಏನು ತಿಂದೆವು, ಎಷ್ಟು ಸಲ ಶೌಚವಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಒಗ್ಗದ ಪದಾರ್ಥ ಯಾವುದೆಂಬುದು ಎರಡು ವಾರದಲ್ಲಿ ತಾನಾಗಿ ತಿಳಿಯುತ್ತದೆ. ಆ ಪುಸ್ತಕವೇ ವೈದ್ಯರಿಗೂ ಬೇಕಾದ ದಾಖಲೆ.

ನೀರು ಮತ್ತು ಲವಣ

ಪದೇ ಪದೇ ಭೇದಿಯಾದಾಗ ನೀರಿನೊಂದಿಗೆ ಲವಣವೂ ಹೋಗುತ್ತದೆ. ಬರಿಯ ನೀರನ್ನು ಎಷ್ಟು ಕುಡಿದರೂ ಆ ಕೊರತೆ ತುಂಬುವುದಿಲ್ಲ. ಔಷಧದಂಗಡಿಯಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಅಳತೆಯ ನೀರಿನಲ್ಲಿ ಕದಡಿ, ಗುಟುಕು ಗುಟುಕಾಗಿ ಕುಡಿಯಬೇಕು. ಪೊಟ್ಟಣ ಸಿಗದಿದ್ದಾಗ ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು. ಉಪ್ಪು ಹಾಕಿದ ತಿಳಿ ಮಜ್ಜಿಗೆ, ಗಂಜಿಯ ತಿಳಿ ಸಹ ಉಪಯುಕ್ತ. ಮೂತ್ರವು ಗಾಢ ಹಳದಿಯಾಗಿ ಕಡಿಮೆಯಾಗುತ್ತಿದ್ದರೆ ಶರೀರದಲ್ಲಿ ನೀರು ಸಾಲದೆಂದು ತಿಳಿಯಬೇಕು. ಹೃದಯ, ಮೂತ್ರಪಿಂಡಗಳ ಕಾಯಿಲೆಯಿರುವವರು ಎಷ್ಟು ಕುಡಿಯಬೇಕೆಂಬುದನ್ನು ವೈದ್ಯರನ್ನೇ ಕೇಳಬೇಕು.

ಭೇದಿ ನಿಲ್ಲಿಸುವ ಲೋಪೆರಮೈಡ್ ಗುಳಿಗೆ ಹಲವರಿಗೆ ಉಪಕಾರಿ. ಆದರೆ ವೈದ್ಯರು ಹೇಳಿದ ಮೇಲೆ, ಹೇಳಿದ ಪ್ರಮಾಣದಲ್ಲಿ ಮಾತ್ರ. ಜ್ವರ, ಹೊಟ್ಟೆಯುಬ್ಬರ, ರಕ್ತ ಬೀಳುವುದು ಇದ್ದಾಗ ಅದನ್ನು ನುಂಗಬಾರದು. ಕೆಲವರಿಗೆ ಎರಡು ಮೂರು ದಿನ ಮಲವೇ ಬಾರದಿರಬಹುದು. ಆಗ ಮನೆಯ ಹಿರಿಯರು ರೂಢಿಯಂತೆ ಔಡಲೆಣ್ಣೆ ಕುಡಿಸುವುದಾಗಲಿ, ಎನಿಮಾ ಕೊಡಿಸುವುದಾಗಲಿ ಮಾಡಬಾರದು. ಹೊಸ ಹೊಲಿಗೆಯ ಮೇಲೆ ಅದರ ಒತ್ತಡ ಅಪಾಯಕರ. ವೈದ್ಯರನ್ನು ಕೇಳಿದರೆ ಸೌಮ್ಯವಾದ ಔಷಧ ಕೊಡುತ್ತಾರೆ.

ಶೌಚ ಮತ್ತು ಚರ್ಮದ ರಕ್ಷಣೆ

ಊಟವಾದ ಸ್ವಲ್ಪ ಹೊತ್ತಿಗೆ ಕರುಳು ತಾನಾಗಿ ಚಲಿಸತೊಡಗುತ್ತದೆ. ಈ ಸಹಜ ಸಮಯವನ್ನು ಬಳಸಿಕೊಂಡು ಊಟದ ಅರ್ಧ ಗಂಟೆಯ ನಂತರ ಶೌಚಕ್ಕೆ ಕುಳಿತು ನೋಡಬೇಕು, ಮುಕ್ಕಬಾರದು. ಕುಕ್ಕರುಗಾಲಿನಲ್ಲಿ ಕುಳಿತು ಏಳುವುದು ಕಷ್ಟವಾದರೆ ಕೆಲವು ವಾರ ಕಮೋಡು ಕುರ್ಚಿಯನ್ನು ಬಳಸಬಹುದು. ಶೌಚಾಲಯ ಹಿತ್ತಲಿನಲ್ಲಿದ್ದರೆ ರಾತ್ರಿ ದಾರಿಯಲ್ಲಿ ದೀಪವಿರಲಿ. ರೋಗಿಯ ಹಾಸಿಗೆ ಆದಷ್ಟು ಹತ್ತಿರವಿರಲಿ.

ತಿಂಗಳುಗಟ್ಟಲೆ ಮಲ ತಾಗದ ಗುದದ್ವಾರದ ಚರ್ಮ ಈಗ ಬೇಗ ಹುಣ್ಣಾಗುತ್ತದೆ. ಪ್ರತಿಸಲವೂ ಉಗುರು ಬೆಚ್ಚಗಿನ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿ ಬಟ್ಟೆಯಿಂದ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಇರುವ ಮುಲಾಮನ್ನು ತೆಳುವಾಗಿ ಹಚ್ಚಬೇಕು. ಸುವಾಸನೆಯ ಸಾಬೂನು, ಒರಟು ಕಾಗದ ಬೇಡ. ಮೊದಲ ವಾರಗಳಲ್ಲಿ ಪ್ಯಾಡು ಕಟ್ಟಿಕೊಂಡರೆ ನಿಶ್ಚಿಂತೆಯಿಂದ ನಿದ್ರೆ ಬರುತ್ತದೆ. ಒದ್ದೆಯಾದ ಕೂಡಲೇ ಬದಲಿಸುವುದು ಮುಖ್ಯ.

ಸಡಿಲವಾದ ಸ್ನಾಯುಗಳಿಗೆ ಒಂದು ಸರಳ ವ್ಯಾಯಾಮವಿದೆ. ವೈದ್ಯರ ಒಪ್ಪಿಗೆ ದೊರೆತ ಮೇಲೆ, ವಾಯು ಹೋಗದಂತೆ ತಡೆಹಿಡಿಯುವಾಗ ಹೇಗೆ ಬಿಗಿಯುತ್ತೇವೆಯೋ ಹಾಗೆ ಗುದದ್ವಾರವನ್ನು ಒಳಕ್ಕೆ ಎಳೆದು ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಸಡಿಲ ಬಿಡಬೇಕು. ಒಮ್ಮೆಗೆ ಹತ್ತು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಬೇಕು. ಉಸಿರು ಬಿಗಿಹಿಡಿಯಬಾರದು, ತೊಡೆ, ಪೃಷ್ಠಗಳನ್ನು ಬಿಗಿಯಬಾರದು. ಫಲ ಕಾಣಲು ಎರಡು ಮೂರು ತಿಂಗಳ ಅಭ್ಯಾಸ ಬೇಕು.

ಗುದನಾಳದ ಶಸ್ತ್ರಚಿಕಿತ್ಸೆಯಾದವರ ಈ ತೊಂದರೆಯನ್ನು ಅಳೆಯಲು 2012ರಲ್ಲಿ ಡೆನ್ಮಾರ್ಕಿನ ವೈದ್ಯರು ಐದು ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ವಾಯು ತಡೆಯದೆ ಹೋಗುತ್ತದೆಯೇ, ನೀರಾದ ಮಲ ಸೋರುತ್ತದೆಯೇ, ದಿನಕ್ಕೆ ಎಷ್ಟು ಸಲ ಶೌಚ, ಒಮ್ಮೆ ಹೋಗಿ ಬಂದ ಒಂದು ಗಂಟೆಯೊಳಗೆ ಮತ್ತೆ ಹೋಗಬೇಕಾಗುತ್ತದೆಯೇ, ಓಡಲೇಬೇಕಾದ ಅವಸರವಿದೆಯೇ ಎಂಬುವೇ ಆ ಪ್ರಶ್ನೆಗಳು. ವೈದ್ಯರ ಮುಂದೆ ಹೇಳಲು ನಾಚಿಕೆಯಾದರೆ ಈ ಐದಕ್ಕೂ ಉತ್ತರವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ ಕೊಡಬಹುದು. ಇಂಥ ತೊಂದರೆಗೆ ಔಷಧ, ಸ್ನಾಯು ತರಬೇತಿ ಮೊದಲಾದ ಉಪಾಯಗಳಿವೆ. ಹೇಳಿಕೊಳ್ಳದವರಿಗೆ ಅವು ದೊರೆಯುವುದಿಲ್ಲ.

ನಡಿಗೆ ಬೇಕು, ಭಾರ ಬೇಡ

ಮನೆಗೆ ಬಂದ ದಿನದಿಂದಲೇ ಅಂಗಳದಲ್ಲಿ ನಾಲ್ಕಾರು ಸಲ ನಡೆಯಬೇಕು. ನಡಿಗೆಯಿಂದ ಕರುಳು ಚುರುಕಾಗುತ್ತದೆ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ತಗ್ಗುತ್ತದೆ. ಆದರೆ ಸ್ಟೋಮಾ ಇದ್ದ ಜಾಗದಲ್ಲಿ ಹೊಟ್ಟೆಯ ಗೋಡೆ ದುರ್ಬಲವಾಗಿರುತ್ತದೆ. ಭಾರ ಎತ್ತಿದರೆ ಅಲ್ಲಿಂದ ಕರುಳು ಉಬ್ಬಿ ಹರ್ನಿಯಾ ಆಗಬಹುದು. ಅದು ತಿಂಗಳುಗಳ ನಂತರವೂ ಕಾಣಿಸಿಕೊಳ್ಳಬಹುದು. ಕನಿಷ್ಠ ಆರು ವಾರ ನಾಲ್ಕೈದು ಕಿಲೋಗಿಂತ ಹೆಚ್ಚು ತೂಕವನ್ನು ಎತ್ತಬಾರದು.

ಈ ಅಳತೆಯನ್ನು ಮನೆಯ ಕೆಲಸಕ್ಕೆ ಹೊಂದಿಸಿ ನೋಡಬೇಕು. ತುಂಬಿದ ಕೊಡ ಹತ್ತು ಕಿಲೋ ಮೀರುತ್ತದೆ. ಅಡುಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೊಂದೇ 14.2 ಕಿಲೋ. ಮೊಮ್ಮಗುವನ್ನು ಎತ್ತಿಕೊಳ್ಳುವುದೂ ಭಾರವೇ. ಮೇವಿನ ಹೊರೆ, ಗೊಬ್ಬರದ ಚೀಲ, ರುಬ್ಬುಗುಂಡು, ಜಾತ್ರೆಯಲ್ಲಿ ತೇರಿನ ಹಗ್ಗ ಇವೆಲ್ಲ ಈ ನಿಷೇಧಕ್ಕೆ ಸೇರುತ್ತವೆ. ಕೆಮ್ಮುವಾಗ, ಸೀನುವಾಗ ಗಾಯದ ಮೇಲೆ ಮಡಿಸಿದ ಟವೆಲ್ಲನ್ನು ಒತ್ತಿಹಿಡಿಯಬೇಕು. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕೈಯೂರಿ ಏಳಬೇಕು. ಪೂಜೆಗೆ ನೆಲದ ಮೇಲೆ ಕುಳಿತೇಳಲು ನೋವಾದರೆ ಕುರ್ಚಿಯ ಮೇಲೆ ಕುಳಿತು ಮಾಡಬಹುದು. ದ್ವಿಚಕ್ರ ವಾಹನ, ಟ್ರ್ಯಾಕ್ಟರುಗಳನ್ನು ನೋವಿಲ್ಲದೆ ಥಟ್ಟನೆ ಬ್ರೇಕ್ ಒತ್ತುವ ಶಕ್ತಿ ಬರುವವರೆಗೆ ಓಡಿಸಬಾರದು. ದೊಡ್ಡ ಛೇದನವಾಗಿದ್ದವರಿಗೆ ಈ ಎಲ್ಲ ಅವಧಿಗಳೂ ಇನ್ನಷ್ಟು ದೀರ್ಘವಾಗಬಹುದು.

ತಡಮಾಡಬಾರದ ಲಕ್ಷಣಗಳು

ಮೇಲೆ ಹೇಳಿದವು ತಾಳ್ಮೆಯ ವಿಷಯಗಳು. ಇನ್ನು ಹೇಳುವವು ತ್ವರೆಯವು. ಕರುಳಿನ ಜೋಡಣೆ ಸೋರಿದರೆ ಮಲವು ಹೊಟ್ಟೆಯೊಳಗೆ ಹರಡಿ ನಂಜಾಗುತ್ತದೆ. ಗಂಟೆಗಳ ವಿಳಂಬವೂ ಪ್ರಾಣಾಂತಕವಾಗಬಹುದು. ಇದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಸಂಭವಿಸಬಹುದು.

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿನ ಜ್ವರ, ನಡುಕದ ಚಳಿ, ಕಡಿಮೆಯಾಗುವ ಬದಲು ಹೆಚ್ಚುತ್ತ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬಿ ಕಲ್ಲಿನಂತಾಗುವುದು, ನಿಲ್ಲದ ವಾಂತಿ, ವಾಂತಿಯ ಜೊತೆಗೆ ವಾಯುವೂ ಮಲವೂ ನಿಂತುಹೋಗುವುದು, ಹೆಚ್ಚು ರಕ್ತ ಬೀಳುವುದು, ಗಾಯದ ಸುತ್ತ ಕೆಂಪು ಹರಡಿ ಕೀವು ಬರುವುದು, ಅಥವಾ ಗಾಯದಿಂದ ಮಲವೇ ಬರುವುದು, ಒಂದು ಕಾಲಿನ ಮೀನಖಂಡ ಬಾತು ನೋಯುವುದು, ಉಸಿರಾಟದ ತೊಂದರೆ, ಮೂತ್ರ ತೀರ ಕಡಿಮೆಯಾಗಿ ತಲೆ ಸುತ್ತುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಸ್ಥಿತಿ ಬಿಗಡಾಯಿಸಿದ್ದರೆ 108ಕ್ಕೆ ಕರೆಮಾಡಿ ಆಂಬುಲೆನ್ಸ್ ತರಿಸಬೇಕು. ವಯೋವೃದ್ಧರಲ್ಲಿ ಜ್ವರ ಬಾರದೆಯೂ ಇರಬಹುದು. ಹಿರಿಯರು ಇದ್ದಕ್ಕಿದ್ದಂತೆ ಮಂಕಾದರೆ, ಏನೇನೋ ಮಾತಾಡಿದರೆ, ನಾಡಿ ವೇಗವಾದರೆ ಅದನ್ನೂ ಎಚ್ಚರಿಕೆಯೆಂದೇ ತಿಳಿಯಬೇಕು. ಆಸ್ಪತ್ರೆಯ ದೂರವಾಣಿ ಸಂಖ್ಯೆ, ಬಿಡುಗಡೆಯ ಚೀಟಿ ಇವೆರಡೂ ಮನೆಯ ಎಲ್ಲರಿಗೂ ತಿಳಿದ ಜಾಗದಲ್ಲಿರಲಿ.

ಮನೆಯವರ ಪಾತ್ರ

ಬಟ್ಟೆ ಹೊಲಸಾದಾಗ ರೋಗಿ ಅನುಭವಿಸುವ ಸಂಕೋಚ ಗಾಯದ ನೋವಿಗಿಂತ ತೀವ್ರವಾದದ್ದು. ಜೀವಮಾನವೆಲ್ಲ ಮನೆಯನ್ನು ನಡೆಸಿದ ತಂದೆಗೋ ತಾಯಿಗೋ ಮಕ್ಕಳ ಮುಂದೆ ಇಂಥ ಸ್ಥಿತಿ ಒದಗಿದರೆ ಅವರು ಮಾತು ಬಿಡುತ್ತಾರೆ. ಆ ಹೊತ್ತಿನಲ್ಲಿ ಮನೆಯವರ ಮುಖದಲ್ಲಿ ಅಸಹ್ಯದ ಗೆರೆಯೊಂದು ಮೂಡಿದರೂ ಅದು ಅವರ ಕಣ್ಣಿಗೆ ತಪ್ಪದು. ಆರೈಕೆಯ ಹೊರೆಯನ್ನೆಲ್ಲ ಸೊಸೆಯ ಮೇಲೋ ಹೆಂಡತಿಯ ಮೇಲೋ ಹೊರಿಸದೆ ಗಂಡುಮಕ್ಕಳೂ ಹಂಚಿಕೊಳ್ಳಬೇಕು. ಹಾಸಿಗೆಯ ಬಳಿ ಒಗೆದ ಬಟ್ಟೆ, ನೀರು, ಮುಲಾಮು ಸದಾ ಸಿದ್ಧವಿದ್ದರೆ ರೋಗಿ ಪ್ರತಿಸಲವೂ ಬೇಡಬೇಕಾಗುವುದಿಲ್ಲ.

ಕೆಲವು ವಾರಗಳಾದ ಮೇಲೆ ಹೊರಗೆ ಹೋಗುವ ಧೈರ್ಯವನ್ನೂ ಮನೆಯವರೇ ತುಂಬಬೇಕು. ಒಂದು ಸಣ್ಣ ಕೈಚೀಲದಲ್ಲಿ ಒಂದು ಜೊತೆ ಬಟ್ಟೆ, ಪ್ಯಾಡು, ನೀರಿನ ಬಾಟಲಿ, ಮುಲಾಮು ಇರಲಿ. ಮೊದಲು ಹತ್ತಿರದ ಮನೆ, ಆಮೇಲೆ ಸಂತೆ, ಆಮೇಲೆ ಊರು. ಹೋದಲ್ಲಿ ಶೌಚಾಲಯ ಎಲ್ಲಿದೆಯೆಂದು ಮೊದಲೇ ಕೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಮದುವೆಯಲ್ಲಾಗಲಿ ದಾಸೋಹದಲ್ಲಾಗಲಿ ಪಂಕ್ತಿಯ ಕೊನೆಯಲ್ಲಿ ಕುಳಿತರೆ ನಡುವೆ ಏಳಬೇಕಾದರೂ ಯಾರಿಗೂ ಅಡ್ಡಿಯಾಗದು. ದಾಂಪತ್ಯ ಜೀವನಕ್ಕೆ ಯಾವಾಗ ಮರಳಬಹುದೆಂಬುದನ್ನೂ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಬಹುದು. ತಿಂಗಳುಗಳಾದರೂ ಮನಸ್ಸು ಕುಗ್ಗಿಯೇ ಇದ್ದರೆ, ನಿದ್ರೆ ಆಹಾರಗಳು ಬೇಡವೆನಿಸಿದರೆ ಮನೋವೈದ್ಯರ ನೆರವು ಪಡೆಯಬೇಕು.

ಸ್ಟೋಮಾ ಮುಚ್ಚಿದೊಡನೆ ಮೂಲ ಕಾಯಿಲೆಯ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು ವೈದ್ಯರು ಹೇಳಿದ ತಪಾಸಣೆಗಳನ್ನು ವರ್ಷಗಳವರೆಗೆ ಮಾಡಿಸಿಕೊಳ್ಳುತ್ತಿರಬೇಕು. ಕ್ಷಯದವರು ಗುಳಿಗೆಯ ಅವಧಿಯನ್ನು ಪೂರ್ತಿಗೊಳಿಸಬೇಕು. ಸಣ್ಣ ಕರುಳಿನ ಕೊನೆಯ ಭಾಗವನ್ನು ತೆಗೆದವರಿಗೆ ಬಿ12 ಜೀವಸತ್ವದ ಕೊರತೆ ಉಂಟಾಗಬಹುದಾದ್ದರಿಂದ ಅದರ ಪರೀಕ್ಷೆಯ ಬಗೆಗೆ ಕೇಳಬೇಕು. ಮೊದಲ ಮರುಭೇಟಿಯ ದಿನ ಶೌಚದ ಲೆಕ್ಕ ಬರೆದ ಆ ಪುಸ್ತಕವನ್ನು ತಪ್ಪದೆ ಜೊತೆಗೆ ಒಯ್ಯಬೇಕು. ಮೊದಲ ವಾರದ ಹತ್ತು ಸಲ ಆರನೆಯ ವಾರಕ್ಕೆ ಆರಾಗಿದ್ದರೆ, ಅದನ್ನು ಸ್ವತಃ ಓದಿದ ರೋಗಿಗೆ ಬರುವ ಧೈರ್ಯವನ್ನು ಬೇರೆ ಯಾರ ಸಮಾಧಾನದ ಮಾತೂ ಕೊಡಲಾರದು.